ಹಳೆಯ ಟರ್ನ್‌ಟೇಬಲ್ ಕೊಳ್ಳುವ ಮುಂಚೆ: ಕೊಡಗಿನ ಮನೆಗೆ ಯಾವುದು ಸರಿ?

ಟರ್ನ್‌ಟೇಬಲ್ ಹುಡುಕಲು ಹೊರಡುವ ಮುಂಚೆ ಒಮ್ಮೆ ಅಟ್ಟ ಹತ್ತಿ. ಅಲ್ಲಿರುವ ರೆಕಾರ್ಡ್‌ಗಳನ್ನೆಲ್ಲ ಕೆಳಗಿಳಿಸಿ ಮೂರು ರಾಶಿ ಮಾಡಿ. ಕೈಗೆ ಭಾರ ಅನ್ನಿಸುವ, ಬಿದ್ದರೆ ಹಂಚಿನ ಹಾಗೆ ಒಡೆಯುವ ಹತ್ತು ಇಂಚಿನವು ಒಂದು ರಾಶಿ. ಅವು ನಿಮಿಷಕ್ಕೆ 78 ಸುತ್ತಿನವು. ಏಳು ಇಂಚಿನ ಚಿಕ್ಕವು ಇನ್ನೊಂದು ರಾಶಿ. ಹೆಚ್ಚಾಗಿ ಸಿನಿಮಾ ಹಾಡಿನ ಇಪಿಗಳು, 45 ಸುತ್ತು. ಹನ್ನೆರಡು ಇಂಚಿನ ಎಲ್‌ಪಿಗಳು ಮೂರನೆಯ ರಾಶಿ, 33⅓ ಸುತ್ತು. ಇದರಲ್ಲಿ ಯಾವ ರಾಶಿ ದೊಡ್ಡದೋ ಅದನ್ನು ನೋಡಿಯೇ ಮಿಷನ್ ಆರಿಸಬೇಕು.

ಮಡಿಕೇರಿಯ ನಮ್ಮ ಮನೆಯಲ್ಲಿ ಅಜ್ಜ ಬಿಟ್ಟುಹೋದ 78ರ ಪ್ಲೇಟುಗಳು ಇಪ್ಪತ್ತಾರು ಸಿಕ್ಕವು. ಮಿಲಿಟರಿಯಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದಾಗಲೆಲ್ಲ ತಂದ ಎಲ್‌ಪಿಗಳು ಅರವತ್ತರ ಮೇಲೆ. ಅತ್ತೆಯ ಇಪಿಗಳು ಒಂದು ದೊಡ್ಡ ಬಿಸ್ಕತ್ ಡಬ್ಬದ ತುಂಬ. ಅವಕ್ಕಾಗಿ ಕೆಲವು ವರ್ಷಗಳಲ್ಲಿ ನಾಲ್ಕು ಬಗೆಯ ಮಿಷನ್ ಈ ಮನೆಗೆ ಬಂದಿವೆ. ಎರಡು ಉಳಿದಿವೆ. ಯಾವುದು ಯಾಕೆ ಉಳಿಯಿತು, ಯಾವುದು ಯಾಕೆ ಹೋಯಿತು ಅಂತ ಹೇಳಿದರೆ ನಿಮ್ಮ ಆಯ್ಕೆ ಸುಲಭವಾಗಬಹುದು.

ರಾಶಿ ಮಾಡಿ ಅಂದಿದ್ದಕ್ಕೆ ಕಾರಣ ಇದೆ. 78ರ ಗೆರೆ ಅಗಲ, ಎಲ್‌ಪಿಯ ಗೆರೆ ಕೂದಲೆಳೆಯ ಹಾಗೆ ಸಣ್ಣ. 78ಕ್ಕೆ ಬೇಕಾದ ಸೂಜಿಯ ತುದಿ ಸುಮಾರು 75 ಮೈಕ್ರಾನ್ ಇದ್ದರೆ, ಎಲ್‌ಪಿಗೆ ಬೇಕಾದದ್ದು ಸುಮಾರು 18 ಮೈಕ್ರಾನ್. ಹತ್ತಿರ ಹತ್ತಿರ ನಾಲ್ಕು ಪಟ್ಟು ವ್ಯತ್ಯಾಸ. ಎಲ್‌ಪಿ ಸೂಜಿಯನ್ನು 78ರ ಮೇಲೆ ಇಟ್ಟರೆ ಅದು ಗೆರೆಯ ತಳದಲ್ಲಿ ಕಸದ ಮೇಲೆ ಓಡುತ್ತದೆ. ಬರೀ ಕರಕರ. 78ರ ಸೂಜಿಯನ್ನು ಎಲ್‌ಪಿ ಮೇಲೆ ಇಟ್ಟರೆ ಗೆರೆಯ ಗೋಡೆಯೇ ಹಾಳು, ಮತ್ತೆ ಸರಿಹೋಗುವುದಿಲ್ಲ. ಅಮೆರಿಕದಲ್ಲಿ ಎಲ್‌ಪಿ ಬಂದದ್ದು 1948ರಲ್ಲಿ, 45 ಬಂದದ್ದು ಮರುವರ್ಷ. ಆದರೆ ನಮ್ಮಲ್ಲಿ 1960ರ ದಶಕದಲ್ಲೂ 78ಗಳು ತಯಾರಾಗುತ್ತಿದ್ದವು. ಹಾಗಾಗಿ ನಮ್ಮ ಅಟ್ಟಗಳಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ.

ಅಜ್ಜನ ಕಾಲದ ಪೆಟ್ಟಿಗೆ ಪ್ಲೇಯರ್

ಎಚ್‌ಎಂವಿ ಫಿಯೆಸ್ಟಾ, ಕ್ಯಾಲಿಪ್ಸೊ, ಫಿಲಿಪ್ಸ್ ಪೆಟ್ಟಿಗೆಗಳು. ಮುಚ್ಚಳ ತೆಗೆದರೆ ಹಾಡು, ಮುಚ್ಚಿದರೆ ಸೂಟ್‌ಕೇಸು. ಹಳೆ ಮನೆಗಳಲ್ಲಿ ಇವು ಈಗಲೂ ಇವೆ, ಕೆಲವರ ಮನೆಯಲ್ಲಿ ಮಂಚದ ಕೆಳಗೆ, ಕೆಲವರ ಮನೆಯಲ್ಲಿ ಬೀರುವಿನ ಮೇಲೆ. ಕೊಳ್ಳಲೇಬೇಕಾಗಿಲ್ಲ, ನೆಂಟರನ್ನು ಕೇಳಿದರೆ ಸುಮ್ನೆ ಕೊಟ್ಟುಬಿಡುವವರೂ ಇದ್ದಾರೆ.

ಇವುಗಳಲ್ಲಿ ಹಲವಕ್ಕೆ ಸೂಜಿಯ ಪಕ್ಕ ಒಂದು ಪುಟ್ಟ ಸನ್ನೆ ಇರುತ್ತದೆ. ಉಗುರಿನಿಂದ ಅದನ್ನು ಮಗುಚಿದರೆ ಸೂಜಿ ಮೇಲೆ ಕೆಳಗಾಗುತ್ತದೆ. ಒಂದು ಬದಿಗೆ ಎಲ್‌ಪಿ ಸೂಜಿ, ಇನ್ನೊಂದು ಬದಿಗೆ 78ರದ್ದು. ಅಜ್ಜನ ಪೆಟ್ಟಿಗೆಯಲ್ಲಿ ಈ ಸನ್ನೆ ಮೊದಲು ಅಲ್ಲಾಡಲೇ ಇಲ್ಲ. ಅರ್ಧ ಶತಮಾನದ ಧೂಳು ಸೂಜಿಯ ಸುತ್ತ ಹತ್ತಿಯ ಹಾಗೆ ಗಂಟು ಕಟ್ಟಿತ್ತು. ಒಣ ಪೇಂಟ್ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಎಳೆದು ತೆಗೆದೆ. ಟಕ್ ಅಂತ ಮಗುಚಿಕೊಂಡಿತು. ಅದರ ಕೆಳಗೆ ಸೂಜಿ ಹೊಳೆಯುತ್ತಿತ್ತು. ಅದುವರೆಗೆ ಸನ್ನೆ, ಅಜ್ಜ ಕಡೆಯ ಸಲ ಬಿಟ್ಟ ಹಾಗೇ, 78ರ ಬದಿಯಲ್ಲೇ ಇತ್ತು.

ಒಳ್ಳೆಯದೇನು ಅಂದರೆ 78ನ್ನು ಸರಿಯಾದ ವೇಗದಲ್ಲಿ, ಸರಿಯಾದ ಸೂಜಿಯಲ್ಲಿ ನುಡಿಸುವ ಅತಿ ಕಡಿಮೆ ಖರ್ಚಿನ ದಾರಿ ಇದೇ. ಬೇರೆ ಆಂಪ್ಲಿಫೈಯರ್ ಬೇಡ, ಸ್ಪೀಕರ್ ಬೇಡ. ಟಾರ್ಚ್ ಸೆಲ್ಲಿನಿಂದ ಓಡುವ ಮಾದರಿಗಳೂ ಇದ್ದವು. ಅಂಥದ್ದು ಸಿಕ್ಕರೆ ಕರೆಂಟ್ ಹೋದ ಸಂಜೆಗೂ ಹಾಡು ಇರುತ್ತದೆ.

ಕೆಟ್ಟದ್ದು ಸೂಜಿಯ ಭಾರ. ಇವುಗಳಲ್ಲಿ ಇರುವುದು ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಜ್, ಅಂದರೆ ಸೂಜಿ ಕೂರುವ, ಅದರ ಅಲುಗಾಟವನ್ನು ಸಿಗ್ನಲ್ ಮಾಡುವ ಪುಟ್ಟ ಭಾಗ. ಗೆರೆಯ ಮೇಲೆ ಐದಾರು ಗ್ರಾಂ, ಕೆಲವೊಮ್ಮೆ ಇನ್ನೂ ಜಾಸ್ತಿ ಭಾರ ಹೊರಿಸುತ್ತವೆ. ಅರಗಿನಿಂದ ಮಾಡಿದ 78 ಇದನ್ನು ತಡೆಯುತ್ತದೆ. ಎಲ್‌ಪಿಗೆ ಎರಡು ಗ್ರಾಂ ಸಾಕು. ಚಿಕ್ಕಪ್ಪನ ಎಲ್‌ಪಿಗಳನ್ನು ನಾನು ಈ ಪೆಟ್ಟಿಗೆಯ ಮೇಲೆ ಇಡುವುದೇ ಇಲ್ಲ. ತೇವದ ಊರಿನಲ್ಲಿ ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್ ಸತ್ತೇ ಹೋಗಿರುವ ಸಂಭವವೂ ಇದೆ, ಯಾಕೆಂದರೆ ಅದರೊಳಗಿನ ಹರಳು ತೇವ ಹೀರಿ ಹಾಳಾಗುತ್ತದೆ. ಮೋಟಾರ್ ತಿರುಗಿ, ಶಬ್ದ ಬಾರದಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಸೆರಾಮಿಕ್ ಒಂದನ್ನು ಬದಲಿಗೆ ಹಾಕಿಸಬಹುದು.

ಇನ್ನೊಂದು, ಒಳಗಿನ ರಬ್ಬರ್ ಚಕ್ರ. ಮೋಟಾರಿನ ತಿರುಗನ್ನು ತಟ್ಟೆಗೆ ದಾಟಿಸುವುದು ಇದೇ. ಗೇರ್ ಹಾಕಿಟ್ಟ ಸ್ಥಿತಿಯಲ್ಲೇ ವರ್ಷಗಟ್ಟಲೆ ಬಿಟ್ಟಿದ್ದರೆ ಒಂದು ಕಡೆ ಚಪ್ಪಟೆಯಾಗಿ ದಡ್ ದಡ್ ಅನ್ನುತ್ತದೆ. ಕೊಳ್ಳುವಾಗ ರೆಕಾರ್ಡ್ ಇಲ್ಲದೆ ಬರೀ ತಟ್ಟೆ ತಿರುಗಿಸಿ ಕಿವಿ ಹತ್ತಿರ ಇಡಿ, ಗೊತ್ತಾಗುತ್ತದೆ.

ಈಗ ಹೊಸದಾಗಿ ಬಣ್ಣಬಣ್ಣದ ಸೂಟ್‌ಕೇಸ್ ಪ್ಲೇಯರ್‌ಗಳು ಆನ್‌ಲೈನ್‌ನಲ್ಲಿ ಬರುತ್ತವಲ್ಲ, ಅವುಗಳಲ್ಲೂ ಸಾಮಾನ್ಯವಾಗಿ ಇರುವುದು ಇದೇ ಸೆರಾಮಿಕ್ ಕಾರ್ಟ್ರಿಜ್, ಇದೇ ಭಾರ. 78 ಅಂತ ಬರೆದಿದ್ದರೂ 78ರ ಸೂಜಿ ಜೊತೆಗೆ ಇರುವುದು ಅಪರೂಪ. ಹಣ ಉಳಿಸಿ, ಅದರ ಬದಲು ಹಳೆಯದನ್ನೇ ರಿಪೇರಿ ಮಾಡಿಸಿ.

ಕೀ ಕೊಟ್ಟು ಓಡಿಸುವ, ಕಹಳೆ ಇರುವ ಗ್ರಾಮಫೋನ್ ಬಗ್ಗೆ ಒಂದೇ ಮಾತು. ಅದು 78ಕ್ಕೆ ಮಾತ್ರ, ಉಕ್ಕಿನ ಪಿನ್ನನ್ನು ಪ್ರತಿ ಬದಿಗೂ ಬದಲಿಸಬೇಕು, ಮತ್ತು ಮಾರುಕಟ್ಟೆಯಲ್ಲಿ ಕಾಣುವ ಫಳಫಳ ಹಿತ್ತಾಳೆ ಕಹಳೆಯವು ಹೆಚ್ಚಿನವು ಈಚೆಗೆ ಜೋಡಿಸಿದವು.

ಬೆಲ್ಟ್ ಡ್ರೈವ್, ಡೈರೆಕ್ಟ್ ಡ್ರೈವ್

ಎಲ್‌ಪಿ ರಾಶಿ ದೊಡ್ಡದಿದ್ದರೆ ನಿಮ್ಮ ನಿಜವಾದ ಆಯ್ಕೆ ಇವೆರಡರ ನಡುವೆ. ಸೋನಿ, ಡ್ಯುಯಲ್, ಥೋರೆನ್ಸ್, ಟೆಕ್ನಿಕ್ಸ್, ನಮ್ಮದೇ ಸೋನೋಡೈನ್, ಕಾಸ್ಮಿಕ್. ಹೆಸರಿಗಿಂತ ಎರಡು ಪ್ರಶ್ನೆ ಮುಖ್ಯ. ತಟ್ಟೆಯನ್ನು ಏನು ತಿರುಗಿಸುತ್ತದೆ? ಸೂಜಿ ಈಗಲೂ ಸಿಗುತ್ತದಾ?

ಬೆಲ್ಟ್ ಡ್ರೈವ್‌ನಲ್ಲಿ ಮೋಟಾರ್ ಒಂದು ಮೂಲೆಯಲ್ಲಿ, ತಟ್ಟೆ ನಡುವೆ, ಮಧ್ಯೆ ರಬ್ಬರ್ ಬೆಲ್ಟ್. ಮೋಟಾರಿನ ನಡುಕವನ್ನು ಬೆಲ್ಟ್ ನುಂಗಿಕೊಳ್ಳುತ್ತದೆ. ಆದರೆ ನಮ್ಮ ಹವೆಯಲ್ಲಿ ರಬ್ಬರ್ ಬಾಳುವುದು ಕಡಿಮೆ. ಮುಟ್ಟದೆ ಬಿಟ್ಟ ಬೆಲ್ಟ್ ಡಾಂಬರಿನ ಹಾಗೆ ಅಂಟಿಕೊಂಡು ಕೈಗೆಲ್ಲ ಮೆತ್ತುತ್ತದೆ. ಗಾಬರಿ ಬೇಡ. ಮೋಟಾರಿನ ಗಾಲಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಹೊಸ ಬೆಲ್ಟ್ ಹಾಕಿದರೆ ಮುಗಿಯಿತು. ಬೆಲ್ಟ್ ಹಾಳಾಗಿದೆ ಅಂತ ಯಾರಾದರೂ ಕಡಿಮೆಗೆ ಕೊಟ್ಟರೆ ತಗೊಳ್ಳಿ. ಆರ್ಮ್ (ಸೂಜಿಯನ್ನು ಹೊತ್ತ ಕೋಲು) ಹಾಳಾಗಿದೆ ಅಂದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಡೈರೆಕ್ಟ್ ಡ್ರೈವ್‌ನಲ್ಲಿ ಮೋಟಾರಿನ ಮೇಲೆಯೇ ತಟ್ಟೆ ಕೂತಿರುತ್ತದೆ. ಬೆಲ್ಟ್ ಇಲ್ಲ, ಚಕ್ರ ಇಲ್ಲ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಇದರಲ್ಲಿ ಹೆಸರುವಾಸಿ. 2010ರಲ್ಲಿ ನಿಲ್ಲಿಸಿದ್ದನ್ನು 2016ರಲ್ಲಿ ಕಂಪನಿ ಮತ್ತೆ ತಂದಿತು. ಆ ಹೆಸರಿಗೆ ಬೆಲೆ ಜಾಸ್ತಿ. ಅದೇ ಕಾಲದ ಬೇರೆ ಜಪಾನಿ ಡೈರೆಕ್ಟ್ ಡ್ರೈವ್‌ಗಳು ಅರ್ಧ ಬೆಲೆಗೂ ಸಿಗುತ್ತವೆ, ಕೇಳಲು ಬಹಳ ಚೆನ್ನಾಗಿರುತ್ತವೆ. ಇವುಗಳ ಭಯ ಒಂದೇ, ಒಳಗಿನ ಸರ್ಕ್ಯೂಟ್. ಅದು ಹೋದರೆ ಹಳ್ಳಿಯ ರೇಡಿಯೋ ರಿಪೇರಿಯವರ ಕೈಗೆ ಬರುವ ಕೆಲಸ ಅಲ್ಲ. ಬೆಲ್ಟಿನದನ್ನು ಮನೆಯಲ್ಲೇ ಸರಿಮಾಡಬಹುದು.

ಹಾಗಾದರೆ ಯಾವುದು? ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆಯ ಕಡೆಯಂಥ ಜಾಸ್ತಿ ಮಳೆಯ ಜಾಗದಲ್ಲಿದ್ದು, ಪರೀಕ್ಷೆ ಮಾಡಿ ಕೊಳ್ಳುವ ಅವಕಾಶ ಇದ್ದರೆ ನಾನು ಡೈರೆಕ್ಟ್ ಡ್ರೈವ್ ಅನ್ನುತ್ತೇನೆ. ನೋಡದೆ, ಕೊರಿಯರ್‌ನಲ್ಲಿ ತರಿಸುವುದಾದರೆ ಬೆಲ್ಟ್. ಕೆಟ್ಟರೂ ಸರಿಮಾಡಿಕೊಳ್ಳಬಹುದಲ್ವಾ.

ಪೂರ್ತಿ ಆಟೊಮ್ಯಾಟಿಕ್ ಮಾದರಿಗಳ ಬಗ್ಗೆ ಸ್ವಲ್ಪ ಎಚ್ಚರ. ಆರ್ಮ್ ತಾನೇ ಎದ್ದು, ತಾನೇ ಇಳಿದು, ತಾನೇ ವಾಪಸ್ ಬರುವುದು ನೋಡಲು ಚಂದ. ಒಳಗೆ ಅದಕ್ಕೆ ಹತ್ತಾರು ಸನ್ನೆಗಳಿವೆ, ಅವಕ್ಕೆ ಹಚ್ಚಿದ ಗ್ರೀಸ್ ನಲವತ್ತು ವರ್ಷಕ್ಕೆ ಮೇಣವಾಗಿರುತ್ತದೆ. ಕೈಯಲ್ಲೇ ಇಟ್ಟು ಕೈಯಲ್ಲೇ ಎತ್ತುವ ಮಾದರಿ ಉತ್ತಮ. ಸೂಜಿಯನ್ನು ಗೆರೆಗೆ ಇಳಿಸುವ ಆ ಕ್ಷಣ ನಮ್ಮ ಕೈಯಲ್ಲೇ ಇರಲಿ.

ಇದ್ಯಾವ ತಾಪತ್ರಯವೂ ಬೇಡ ಅನ್ನುವವರಿಗೆ ಆಡಿಯೊ-ಟೆಕ್ನಿಕಾ ಎಲ್‌ಪಿ60 ಇದೆ. ಹೊಸದೂ ಸಿಗುತ್ತದೆ, ಸೆಕೆಂಡ್ ಹ್ಯಾಂಡೂ ಸಿಗುತ್ತದೆ. ಸೂಜಿ ಬದಲಿಸಬಹುದು, ಸೂಜಿಯ ಸಣ್ಣ ಸಿಗ್ನಲ್ಲನ್ನು ಏರಿಸಿ ಸರಿಮಾಡುವ ಫೋನೊ ಸರ್ಕ್ಯೂಟ್ ಒಳಗೇ ಇದೆ. 78 ಮಾತ್ರ ಆಡುವುದಿಲ್ಲ. ಮೂರೂ ರಾಶಿ ಒಂದೇ ಮಿಷನ್ನಿನಲ್ಲಿ ಬೇಕು ಅನ್ನುವವರು ಅದೇ ಕಂಪನಿಯ ಎಲ್‌ಪಿ120 ಹುಡುಕಲಿ. ಅದು ಡೈರೆಕ್ಟ್ ಡ್ರೈವ್, 78ರ ವೇಗವೂ ಇದೆ. ವಿಎಂ95 ಕಾರ್ಟ್ರಿಜ್ ಹಾಕಿಕೊಂಡರೆ ಎಲ್‌ಪಿಗೆ ಒಂದು ಸೂಜಿ, 78ಕ್ಕೆ ಎಸ್‌ಪಿ ಅನ್ನುವ ಇನ್ನೊಂದು ಸೂಜಿ, ಬೆರಳಲ್ಲೇ ಕಳಚಿ ಹಾಕಬಹುದು. 78ರ ಸೂಜಿಗೆ ಭಾರ ಜಾಸ್ತಿ ಬೇಕು, ಸುಮಾರು ಐದು ಗ್ರಾಂ. ಸೂಜಿ ಬದಲಿಸಿದಾಗಲೆಲ್ಲ ಆರ್ಮಿನ ಹಿಂತುದಿಯಲ್ಲಿರುವ ತೂಕದ ಗುಂಡನ್ನೂ ತಿರುಗಿಸಿ ಭಾರ ಹೊಂದಿಸುವುದು ಮರೆಯಬಾರದು.

ಯಾವ ದೇಶದಿಂದ ಬಂದದ್ದು ಅಂತ ಕೇಳಿ

ಕೊಡಗಿನಲ್ಲಿ ಹೊರದೇಶದ ಸೆಟ್ಟುಗಳು ಕಡಿಮೆ ಇಲ್ಲ. ಗಲ್ಫ್‌ನಲ್ಲಿದ್ದವರು, ಮಕ್ಕಳು ಅಮೆರಿಕದಲ್ಲಿರುವವರು ತಂದದ್ದು. ಇಲ್ಲಿ ಒಂದು ಗುಂಡಿ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ.

ಬೆಂಗಳೂರಿನ ಒಂದು ಅಂಗಡಿಯಿಂದ ಅಮೆರಿಕದ ಬೆಲ್ಟ್ ಡ್ರೈವ್ ತಂದೆ. 110 ವೋಲ್ಟಿನದು. "ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕು ಸಾರ್" ಅಂದರು. ಹಾಕಿದೆ. ಸುಟ್ಟುಹೋಗಲಿಲ್ಲ, ಚೆನ್ನಾಗಿ ತಿರುಗಿತು. ಅತ್ತೆಯ ಡಬ್ಬದಿಂದ ಪಿ. ಬಿ. ಶ್ರೀನಿವಾಸ್ ಹಾಡಿದ ಇಪಿ ಒಂದನ್ನು ಇಟ್ಟೆ. ಅಡುಗೆಮನೆಯಿಂದ ಅತ್ತೆ ಒದ್ದೆ ಕೈಯಲ್ಲೇ ಬಂದು ನಿಂತರು. ಎರಡು ಸಾಲು ಕೇಳಿದರು. "ಯಾಕೋ ಇವರ ದನಿ ಕೆಳಗೆ ಕೂತ ಹಾಗಿದೆಯಲ್ಲೋ. ಹಾಡು ಇಷ್ಟು ನಿಧಾನ ಇರಲಿಲ್ಲ."

ಅತ್ತೆ ಹೇಳಿದ್ದು ಸರಿ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ, ಅಮೆರಿಕದ್ದು 60 ಸಲ. ಹಳೆಯ ಬೆಲ್ಟ್ ಡ್ರೈವ್‌ಗಳ ಎಸಿ ಮೋಟಾರ್ ಆ ಮಿಡಿತಕ್ಕೆ ಹೆಜ್ಜೆ ಹಾಕುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಇಳಿಸುತ್ತದೆ, ಮಿಡಿತವನ್ನು ಬದಲಿಸುವುದಿಲ್ಲ. ಹಾಗಾಗಿ 33⅓ ಸುತ್ತಬೇಕಾದದ್ದು 28ಕ್ಕಿಂತ ಸ್ವಲ್ಪ ಕಡಿಮೆ ಸುತ್ತುತ್ತದೆ. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಮೂರು ಮನೆ ಕೆಳಗಿಳಿಯುತ್ತದೆ. ಇದಕ್ಕೆ ಮದ್ದು 50 ಹರ್ಟ್ಜ್‌ನ ಗಾಲಿ, ಅಂದರೆ ಮೋಟಾರಿನ ತುದಿಗೆ ಸ್ವಲ್ಪ ದಪ್ಪದ ಗಾಲಿ ಹಾಕಿಸುವುದು. ನನ್ನ ಮಾದರಿಗೆ ಅದು ಸಿಗಲಿಲ್ಲ. ಸೆಟ್ಟನ್ನು ಬಿಡಿಭಾಗಕ್ಕೆ ಕೊಟ್ಟೆ.

ದುಬೈ, ಕುವೈತ್‌ನಲ್ಲಿ 50 ಹರ್ಟ್ಜ್, ಅಲ್ಲಿಂದ ಬಂದವಕ್ಕೆ ತೊಂದರೆ ಇಲ್ಲ. ಸೌದಿಯಲ್ಲಿ 60. ಹಿಂಬದಿಯ ತಗಡಿನ ಪಟ್ಟಿಯಲ್ಲಿ ವೋಲ್ಟ್, ಹರ್ಟ್ಜ್ ಎರಡೂ ಬರೆದಿರುತ್ತದೆ, ಮೊಬೈಲ್ ಟಾರ್ಚ್ ಹಾಕಿ ಓದಿ. ಡಿಸಿ ಮೋಟಾರಿನವು, ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್‌ಗಳು ಈ ಮಿಡಿತವನ್ನು ನಂಬಿಕೊಂಡಿಲ್ಲ. ಅವಕ್ಕೆ ಟ್ರಾನ್ಸ್‌ಫಾರ್ಮರ್ ಒಂದೇ ಸಾಕು.

ವೇಗ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ತಟ್ಟೆಯ ಅಂಚಿಗೆ ಚೂರು ಕಾಗದ ಅಂಟಿಸಿ, ಮೂರು ನಿಮಿಷ ಎಣಿಸಿ. 33⅓ರಲ್ಲಿ ಸರಿಯಾಗಿ ನೂರು ಸುತ್ತು ಬರಬೇಕು.

ಕೊಳ್ಳುವ ಜಾಗದಲ್ಲಿ ಇನ್ನೆರಡು ಕೆಲಸ ಮಾಡಿ. ಆರ್ಮನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಮೆಲ್ಲಗೆ ಅಲ್ಲಾಡಿಸಿ. ಬುಡದಲ್ಲಿ ಸಡಿಲ ಇದ್ದರೆ ಬಿಟ್ಟುಬಿಡಿ. ಮನೆಯಿಂದ ನಿಮಗೆ ಬಾಯಿಪಾಠ ಇರುವ ಒಂದು ರೆಕಾರ್ಡ್ ಒಯ್ಯಿರಿ, ಕೊನೆಯ ಹಾಡನ್ನು ಕೇಳಿ. ಒಳಗಿನ ಗೆರೆಗಳಲ್ಲಿ ದನಿ ಒಡೆದರೆ ಸೂಜಿಯೋ ಅದರ ಜೋಡಣೆಯೋ ಸರಿ ಇಲ್ಲ ಅಂತ ಅರ್ಥ.

ಮೈಸೂರಿನಿಂದಲೋ ಬೆಂಗಳೂರಿನಿಂದಲೋ ತರುವಾಗ ತಟ್ಟೆ, ಹಿಂದಿನ ತೂಕ, ತಲೆಯ ಭಾಗ ಮೂರನ್ನೂ ಕಳಚಿ ಬೇರೆ ಬೇರೆ ಸುತ್ತಿ. ಆರ್ಮನ್ನು ಅದರ ಕೊಕ್ಕೆಗೆ ದಾರದಿಂದ ಕಟ್ಟಿ. ತಟ್ಟೆ ಸಮೇತ ತಂದರೆ ನಮ್ಮ ತಿರುವುಗಳ ಕುಲುಕಾಟಕ್ಕೆ ಅದರ ನಡುವಿನ ಬೇರಿಂಗ್ ಪೆಟ್ಟು ತಿನ್ನುತ್ತದೆ.

ದುಡ್ಡು ಎಲ್ಲಿ ಹಾಕಬೇಕು ಅಂದರೆ ಸೂಜಿಗೆ

ನನ್ನ ಈಗಿನ ಡೈರೆಕ್ಟ್ ಡ್ರೈವ್‌ಗೆ ಕೊಟ್ಟದ್ದು ಒಂಬತ್ತು ಸಾವಿರ. ಅದರ ಮೇಲೆ ಹೊಸ ಕಾರ್ಟ್ರಿಜ್ ಹಾಕಿದ ದಿನವೇ ಅದು ಬೇರೆ ಮಿಷನ್ ಆಯಿತು. ಹಳೆಯ ಸೆಟ್ಟಿನ ಜೊತೆ ಬಂದ ಸೂಜಿಯನ್ನು ಎಂದೂ ನಂಬಬೇಡಿ. ವಜ್ರದ ಸೂಜಿ ಐನೂರರಿಂದ ಸಾವಿರ ಗಂಟೆ ಬಾಳುತ್ತದೆ. ಹಿಂದಿನವರು ಎಷ್ಟು ಗಂಟೆ ಆಡಿಸಿದರೋ ಯಾರು ಲೆಕ್ಕ ಇಟ್ಟಿದ್ದಾರೆ? ಸವೆದ ಸೂಜಿ ಉಳಿಯಂತೆ ಗೆರೆಯನ್ನು ಕೆತ್ತುತ್ತದೆ.

ಹಳೆಯ ಮಾದರಿಗಳಿಗೆ ಸೂಜಿ ಮಾತ್ರ ಬೇರೆ ಕಂಪನಿಗಳಿಂದ ಸಿಗಬಹುದು. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಯನ್ನೇ ನಿಲ್ಲಿಸಿತು. ಆದರೂ ಅದರ ಹಳೆಯ ಕಾರ್ಟ್ರಿಜ್‌ಗಳಿಗೆ ಜಪಾನಿನ ಜಿಕೊ ಸೂಜಿ ಮಾಡುತ್ತದೆ. ಹೊಸದು ಕೊಳ್ಳುವುದಾದರೆ ಆಡಿಯೊ-ಟೆಕ್ನಿಕಾದ ವಿಎಂ95ಇ, ಆರ್ಟೊಫಾನ್‌ನ 2ಎಂ ರೆಡ್ ಎರಡೂ ಒಳ್ಳೆಯವು. ಮೊದಲನೆಯದಕ್ಕೆ 2 ಗ್ರಾಂ, ಎರಡನೆಯದಕ್ಕೆ 1.8 ಗ್ರಾಂ ಭಾರ. ನಮ್ಮಂಥ ಮನೆಗಳ ಉಪಯೋಗಿಸಿ ಹಳತಾದ ಇಪಿಗಳಿಗೆ ಇವು ಧಾರಾಳ ಸಾಕು.

ಭಾರ ಕೂರಿಸುವ ಕೆಲಸ ಮೊದಲ ಸಲ ಹೆದರಿಸುತ್ತದೆ, ಆಮೇಲೆ ಅದೇ ಖುಷಿ. ಮೊದಲು ರಸಮಟ್ಟ ಇಟ್ಟು ಸೆಟ್ಟನ್ನು ಎಲ್ಲ ಕಡೆಗೂ ಸಮ ಮಾಡಿ. ಗಾರೆ ಕೆಲಸದವರ ಹತ್ತಿರ ಇರುವುದೇ ಆದೀತು. ಆರ್ಮ್ ಒಳಗಡೆಗೆ ಎಳೆದುಕೊಳ್ಳುವುದನ್ನು ತಡೆಯುವ ಆಂಟಿ ಸ್ಕೇಟ್ ತಿರುಪನ್ನು ಸೊನ್ನೆಗೆ ತನ್ನಿ. ಸೂಜಿಯ ಮುಸುಕು ತೆಗೆಯಿರಿ. ಆರ್ಮನ್ನು ಕೊಕ್ಕೆಯಿಂದ ಬಿಡಿಸಿ, ತಟ್ಟೆಗೂ ಕೊಕ್ಕೆಗೂ ನಡುವೆ ಗಾಳಿಯಲ್ಲಿ ಹಿಡಿಯಿರಿ. ಹಿಂದಿನ ತೂಕವನ್ನು ಒಂದೊಂದೇ ಕೂದಲೆಳೆಯಷ್ಟು ತಿರುಗಿಸುತ್ತಾ ಬನ್ನಿ. ಮುಂದೆ ಬಾಗುತ್ತದೆ, ಹಿಂದೆ ಏಳುತ್ತದೆ, ಮತ್ತೆ ಬಾಗುತ್ತದೆ. ಒಂದು ಹಂತದಲ್ಲಿ ಕೈ ಬಿಟ್ಟರೂ ಆರ್ಮ್ ನಿಂತಲ್ಲೇ ತೇಲುತ್ತದೆ. ಪಕ್ಕದಲ್ಲಿ ಉಸಿರು ಬಿಟ್ಟರೂ ಅಲ್ಲಾಡುತ್ತದೆ. ಆಗ ತೂಕದ ಮುಂದಿರುವ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ತೂಕವನ್ನೂ ಬಳೆಯನ್ನೂ ಒಟ್ಟಿಗೆ 2ಕ್ಕೆ ತಿರುಗಿಸಿ. ಆಂಟಿ ಸ್ಕೇಟನ್ನೂ 2ಕ್ಕೆ ಇಡಿ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ಖಚಿತ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಹಳೆಯ ಬಳೆಗಳ ಅಂಕಿ ಸ್ವಲ್ಪ ಆಚೀಚೆ ಇರುತ್ತದೆ.

ಕಡಿಮೆ ಭಾರ ಇಟ್ಟರೆ ರೆಕಾರ್ಡ್‌ಗೆ ಒಳ್ಳೆಯದು ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಹೇಳಿದ್ದಕ್ಕಿಂತ ಕಡಿಮೆ ಇದ್ದರೆ ಸೂಜಿ ಗೆರೆಯೊಳಗೆ ಎಗರಾಡಿ ಗೋಡೆಗೆ ಹೊಡೆಯುತ್ತದೆ. ಹಾಳಾಗುವುದು ಆಗಲೇ ಜಾಸ್ತಿ.

ಆಂಪ್ಲಿಫೈಯರ್ ಮತ್ತು ಆ ಗುಂಯ್ ಶಬ್ದ

ಒಳ್ಳೆಯ ಕಾರ್ಟ್ರಿಜ್ ಕೊಡುವ ಸಿಗ್ನಲ್ ಬಹಳ ಸಣ್ಣದು, ನಾಲ್ಕೈದು ಮಿಲಿವೋಲ್ಟ್. ಜೊತೆಗೆ ರೆಕಾರ್ಡ್ ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿ ಕೊರೆದಿರುತ್ತಾರೆ. ಅದನ್ನು ತಿರುಗಿ ಸರಿಮಾಡುವುದು ಫೋನೊ ಸರ್ಕ್ಯೂಟ್. ಅದಿಲ್ಲದೆ ನೇರ ಆಂಪ್ಲಿಫೈಯರಿನ ಆಕ್ಸ್ ತೂತಿಗೆ ಚುಚ್ಚಿದರೆ ಸೊಳ್ಳೆ ಹಾಡಿದ ಹಾಗಿರುತ್ತದೆ. ಎಷ್ಟೋ ಜನ ಇದನ್ನು ಕೇಳಿ ಸೆಟ್ಟೇ ಕೆಟ್ಟಿದೆ ಅಂತ ವಾಪಸ್ ಅಟ್ಟಕ್ಕೆ ಹಾಕಿದ್ದಾರೆ.

ಹಳೆಯ ಆಂಪ್ಲಿಫೈಯರ್ ಮನೆಯಲ್ಲಿದ್ದು ಹಿಂದೆ ಫೋನೊ ಅಂತ ಬರೆದ ತೂತಿದ್ದರೆ ಅದೇ ಸಾಕು. ಇಲ್ಲದಿದ್ದರೆ ಒಂದು ಚಿಕ್ಕ ಫೋನೊ ಪ್ರೀಆಂಪ್ ಡಬ್ಬಿ ಮತ್ತು ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್ ಜೋಡಿ. ಹೊಸಬರಿಗೆ ನಾನು ಹೇಳುವುದು ಎರಡನೆಯದನ್ನೇ. ಕಡಿಮೆ ವಯರು, ಕಡಿಮೆ ಜಾಗ.

ಗುಂಯ್ ಅಂತ ಶಬ್ದ ಬಂದರೆ ಟರ್ನ್‌ಟೇಬಲ್‌ನಿಂದ ಹೊರಟ ತೆಳುವಾದ ಅರ್ತ್ ವಯರನ್ನು ಪ್ರೀಆಂಪಿನ ತಿರುಪಿಗೆ ಬಿಗಿಯಿರಿ. ಹೆಚ್ಚಿನ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಮನೆಯ ಅರ್ತಿಂಗ್ ನೋಡಬೇಕು. ಹಳೆಯ ಮನೆಗಳಲ್ಲಿ ಅರ್ತಿಂಗ್ ಗುಂಡಿ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ಹೋಗಿರುತ್ತದೆ, ನಾಲ್ಕು ಕೊಡ ನೀರು ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಇನ್ವರ್ಟರ್ ಮೇಲೆ ಓಡಿಸುವುದಾದರೆ ಸೈನ್ ವೇವ್ ಇನ್ವರ್ಟರೇ ಬೇಕು. ಹಳೆಯ ಸ್ಕ್ವೇರ್ ವೇವ್‌ನಲ್ಲಿ ಮೋಟಾರೂ ಗೊಣಗುತ್ತದೆ, ಸ್ಪೀಕರೂ ಗೊಣಗುತ್ತದೆ.

ಯಾವ ಕೋಣೆ, ಯಾವ ನೆಲ

ಕಾವಿ ನೆಲದ ಕೆಳಮನೆಗೆ ಸಮ ಯಾವುದೂ ಇಲ್ಲ. ನೆಲ ಗಟ್ಟಿ, ಹೆಜ್ಜೆ ಹಾಕಿದರೂ ಅಲುಗುವುದಿಲ್ಲ. ಮರದ ಹಲಗೆಯ ಮಹಡಿಯಾದರೆ ಮಕ್ಕಳು ಓಡಿದ ಕೂಡಲೇ ಸೂಜಿ ಹಾರುತ್ತದೆ. ಅಂಥಲ್ಲಿ ನೆಲದ ಮೇಲಿನ ಮೇಜಿಗಿಂತ ಗೋಡೆಗೆ ಬ್ರಾಕೆಟ್ ಹೊಡೆದ ಹಲಗೆ ವಾಸಿ. ಹಳೆಯ ಖಾಲಿ ಪತ್ತಾಯದ ಮೇಲೆ ಇಟ್ಟರೆ ಚಂದ ಕಾಣುತ್ತದೆ ಅಂತ ಕೆಲವರು ಇಡುತ್ತಾರೆ. ಖಾಲಿ ಮರದ ಪೆಟ್ಟಿಗೆ ಡೋಲಿನ ಹಾಗೆ ಮೊಳಗುತ್ತದೆ, ಅದು ಬೇಡ.

ನಾನು ಮಾಡಿದ್ದು ಇಷ್ಟು. ಬಾಗಿಲು ಕೆಲಸದಲ್ಲಿ ಉಳಿದ ಕಡಪ ಕಲ್ಲಿನ ಚಪ್ಪಡಿ, ಅದರ ಕೆಳಗೆ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ನಾಲ್ಕು ರಬ್ಬರ್ ತುಂಡು, ಮೇಲೆ ಟರ್ನ್‌ಟೇಬಲ್. ಸ್ಪೀಕರ್‌ಗಳು ಬೇರೆ ಸ್ಟೂಲಿನ ಮೇಲೆ. ಒಂದೇ ಹಲಗೆಯ ಮೇಲೆ ಎರಡನ್ನೂ ಇಟ್ಟರೆ ಸ್ಪೀಕರಿನ ನಡುಕ ಸೂಜಿಗೆ ತಲುಪಿ ಮತ್ತೆ ಸ್ಪೀಕರಿಗೆ ಬರುತ್ತದೆ, ಮಂದ್ರದಲ್ಲಿ ಊಳಿಡುತ್ತದೆ.

ಮಳೆಗಾಲದ ಮಾತು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾವು ಅತಿ ಜಾಸ್ತಿ ಹಾಡು ಕೇಳುವುದು. ರೆಕಾರ್ಡ್ ಹಾಳಾಗುವುದೂ ಆಗಲೇ. ಕುಶಾಲನಗರದ ಕಡೆಯವರಿಗೆ ಇಷ್ಟು ಕಷ್ಟ ಇಲ್ಲ. ಮಡಿಕೇರಿಯಲ್ಲಿ ಕಕ್ಕಡದ (ಜುಲೈ, ಆಗಸ್ಟ್‌ನ ಕೊಡವ ತಿಂಗಳು) ಹೊತ್ತಿಗೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದರ ಮೇಲೂ ಬೂಷ್ಟು. ಎಲ್‌ಪಿಯ ಗೆರೆಗಳ ಮೇಲೆ ಅದು ಪುಟ್ಟ ಬಿಳಿ ನಕ್ಷತ್ರಗಳ ಹಾಗೆ ಅರಳುತ್ತದೆ.

ಹಳೆಯ ಪ್ಲಾಸ್ಟಿಕ್ ಒಳಚೀಲಗಳನ್ನು ತೆಗೆದು ಒಳ್ಳೆಯ ಕಾಗದದ ಚೀಲ ಹಾಕಿ. ರೆಕಾರ್ಡ್‌ಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಬಟ್ಟೆ ಬೀರುವಿಗೆ ಮಳೆಗಾಲದಲ್ಲಿ ಸಣ್ಣ ಬಲ್ಬ್ ಹಾಕುತ್ತೇವಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಬಲ್ಬ್ ಮಾತ್ರ ರೆಕಾರ್ಡ್‌ಗಳಿಂದ ದೂರ, ಕೆಳಗಿನ ಅರೆಯಲ್ಲಿ ಇರಲಿ. ಬೆಚ್ಚಗಾಗಲಿ ಅಂತ ಅಗ್ಗಿಷ್ಟಿಕೆಯ ಹತ್ತಿರ ಇಟ್ಟರೆ ಎಲ್‌ಪಿ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ತೊಳೆಯಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಅದಕ್ಕೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಹಳೆಯ ಮೆತ್ತನೆ ಪಂಚೆಯ ತುಂಡಿನಿಂದ ಗೆರೆಯ ಉದ್ದಕ್ಕೆ ಸುತ್ತ ಒರೆಸಿ, ಅಡ್ಡಡ್ಡ ಬೇಡ. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ನಡುವಿನ ಲೇಬಲ್ ಒದ್ದೆಯಾಗಬಾರದು. 78ರ ಪ್ಲೇಟಿಗೆ ಸ್ಪಿರಿಟ್ ಇರುವ ಯಾವ ದ್ರವವನ್ನೂ ಮುಟ್ಟಿಸಬೇಡಿ. ಬಡಗಿ ಪಾಲಿಶ್ ಮಾಡಲು ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲೇ. ಪ್ಲೇಟೂ ಅದೇ ಅರಗು.

ನಮ್ಮ ಮನೆಯಲ್ಲಿ ಈಗ ಉಳಿದಿರುವ ಎರಡು ಯಾವುವು ಅಂದರೆ ಅಜ್ಜನ ಪೆಟ್ಟಿಗೆ ಮತ್ತು ಆ ಒಂಬತ್ತು ಸಾವಿರದ ಡೈರೆಕ್ಟ್ ಡ್ರೈವ್. ಪೆಟ್ಟಿಗೆ 78ಕ್ಕೆ ಮಾತ್ರ. ಬರೀ 78ಗಳಿರುವ ಮನೆಗೆ ರಿಪೇರಿ ಮಾಡಿಸಿದ ಪೆಟ್ಟಿಗೆ ಸಾಕು. ಬರೀ ಇಪಿ, ಎಲ್‌ಪಿ ಇರುವವರು ಒಂದೇ ಒಳ್ಳೆಯ ಡೈರೆಕ್ಟ್ ಡ್ರೈವ್ ಅಥವಾ ಬೆಲ್ಟ್ ಡ್ರೈವ್ ತಂದು, ಉಳಿದ ದುಡ್ಡನ್ನೆಲ್ಲ ಸೂಜಿಗೆ ಇಡಲಿ. ಮೂರೂ ಇದ್ದು ಜಾಗ ಕಡಿಮೆ ಇದ್ದರೆ ಎಲ್‌ಪಿ120.

ಸಂಜೆ ಹಾಡು ಮುಗಿದ ಮೇಲೆ ಆರ್ಮನ್ನು ಕೊಕ್ಕೆಗೆ ಹಾಕಿ, ಸೂಜಿಗೆ ಮುಸುಕು ಹಾಕಿ, ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಡಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಕಾಲದಲ್ಲಂತೂ ಸ್ವಿಚ್ ಆಫ್ ಮಾಡಿದರೆ ಸಾಲದು. ಅತ್ತೆ ಈಗ ನನಗಿಂತ ಮುಂಚೆಯೇ ಇದನ್ನು ಮಾಡುತ್ತಾರೆ. ಮೊದಲ ಗುಡುಗು ಕೇಳಿದರೆ ಅರ್ಧ ಹಾಡಿಗೇ ಸನ್ನೆ ಎತ್ತಿ,"ಉಳಿದದ್ದು ನಾಳೆ ಮಗಾ" ಅನ್ನುತ್ತಾರೆ.